ಎಲ್ ಸಾಲಿನ ಪಕ್ಕದವರು

ಆ ಊರಿನಲ್ಲಿ ಮೊದಲು ಎಲ್ಲ ಜಗಳವೂ ಪಂಕ್ತಿಯಿಂದಲೇ ಹುಟ್ಟುತ್ತಿತ್ತು. ಮದುವೆಯಾಗಲಿ ತಿಥಿಯಾಗಲಿ, ಎಲೆ ಹಾಸಿದ ಮೇಲೆ ಯಾರ ಪಕ್ಕ ಯಾರು ಕೂರಬೇಕು ಎಂಬುದು ತೀರ್ಮಾನವಾಗುವಷ್ಟರಲ್ಲಿ ಅನ್ನ ಆರಿ, ತುಪ್ಪ ಹೆಪ್ಪುಗಟ್ಟಿ, ಬಡಿಸುವವರ ಕೈ ಸೋತುಹೋಗುತ್ತಿತ್ತು. ಇವರು ಅವರ ಪಕ್ಕ ಕೂರುವುದಿಲ್ಲ, ಅವರು ಇವರ ಎದುರು ಉಣ್ಣುವುದಿಲ್ಲ, ಇವರಿಬ್ಬರೂ ಮೂರನೆಯವರು ಮುಟ್ಟಿದ ನೀರು ಕುಡಿಯುವುದಿಲ್ಲ. ಒಂದು ಮದುವೆಯಲ್ಲಿ ಎಲೆಗಳು ಮೂರು ದಿನ ಹಾಸಿದ ಹಾಗೇ ಇದ್ದವಂತೆ. ನಾಲ್ಕನೇ ದಿನ ಊರ ದನಗಳು ಬಂದು, ಯಾರ ಪಕ್ಕ ಯಾರೆಂದು ಕೇಳದೆ, ಸಾಲಾಗಿ ನಿಂತು ತಿಂದು ಹೋದವಂತೆ.

ಹಿರಿಯರಿಗೆ ನಾಚಿಕೆಯಾಯಿತು. ಈ ಊರು ಒಂದೇ ಸಾಲಿನಲ್ಲಿ ಕೂತೀತು ಅಂದರೆ ಅದು ಕತ್ತಲಲ್ಲಿ ಮಾತ್ರ ಎಂದು ಅವರಿಗೆ ಹೊಳೆಯಿತು. ಅಷ್ಟು ಹೊತ್ತಿಗೆ ನಾಲ್ಕು ರಸ್ತೆ ಸೇರುವಲ್ಲಿ ಮಾಲು ಎದ್ದಿತ್ತು. ಅದರ ಐದನೇ ಮಹಡಿಯಲ್ಲಿ ಥಿಯೇಟರು ಇತ್ತು. ಥಿಯೇಟರಿನಲ್ಲಿ ಬೇಕಾದಷ್ಟು ಕತ್ತಲೆ ಇತ್ತು. ಊರಲ್ಲಿ ಎಷ್ಟು ಮಂದಿ ದೊಡ್ಡವರಿದ್ದರೋ ಅಷ್ಟೇ ಸೀಟುಗಳಿದ್ದವು. ಆಮೇಲೂ ಹಾಗೇ ನಡೆಯಿತು. ಯಾರಾದರೂ ಸತ್ತ ವಾರವೇ ಇನ್ಯಾರಿಗೋ ಇಪ್ಪತ್ತೊಂದು ತುಂಬುತ್ತಿತ್ತು. ಅದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ಆ ಊರಿನವರು ಮೊದಲಿನಿಂದಲೂ ನಿಸ್ಸೀಮರು.

ನಿಯಮ ಸರಳವಾಗಿತ್ತು. ಇಪ್ಪತ್ತೊಂದು ತುಂಬಿದವರು, ಹೊರಗಿನಿಂದ ಬಂದು ಊರಲ್ಲಿ ಒಲೆ ಹಚ್ಚಿದವರು, ಒಂದು ಮಧ್ಯಾಹ್ನ ಒಬ್ಬೊಬ್ಬರೇ ಐದನೇ ಮಹಡಿಗೆ ಹತ್ತಬೇಕು. ಬಾಗಿಲ ಬಳಿ ಇಟ್ಟ ತಾಮ್ರದ ಕೊಳಗಕ್ಕೆ ಕೈ ಹಾಕಿ ಮಡಿಸಿದ ಟಿಕೆಟು ಎತ್ತಬೇಕು. ಎತ್ತಿದವರು ಅದನ್ನು ಬಿಚ್ಚುವಂತಿಲ್ಲ. ಕತ್ತಲಲ್ಲಿ ಸೀಟು ತೋರಿಸುವ ಟಾರ್ಚಿನಾಕೆಯ ಕೈಗೆ ಕೊಡಬೇಕು. ಅವಳು ಬಿಚ್ಚುತ್ತಾಳೆ, ಟಾರ್ಚು ಹಾಕುತ್ತಾಳೆ, ಓದುತ್ತಾಳೆ, ಮಡಿಸುತ್ತಾಳೆ, ವಾಪಸು ಕೊಡುತ್ತಾಳೆ, ಮುಂದೆ ನಡೆಯುತ್ತಾಳೆ. ನೆಲದ ಮೇಲೆ ಬಿದ್ದ ಬೆಳಕಿನ ಬಿಲ್ಲೆಯನ್ನು ನೋಡುತ್ತ ಅವಳ ಹಿಂದೆ ನಡೆಯಬೇಕು. ಬಿಲ್ಲೆ ಎಲ್ಲಿ ನಿಂತಿತೋ ಅದು ನಿಮ್ಮ ಸೀಟು, ಸಾಯುವವರೆಗೂ. ಎಡಕ್ಕೆ ಕೂತವರು ಎಡಪಕ್ಕ, ಬಲಕ್ಕೆ ಕೂತವರು ಬಲಪಕ್ಕ.

ಕತ್ತಲಲ್ಲಿ ಪಕ್ಕ ಕೂತವರು ಬೆಳಕಿನಲ್ಲೂ ಪಕ್ಕದವರೇ. ಅವರ ಮದುವೆಯಲ್ಲಿ ನಿಮ್ಮ ಎಲೆ ಅವರ ಎಲೆಯ ಪಕ್ಕ. ಅವರಿಗೆ ಜ್ವರ ಬಂದರೆ ಗಂಜಿ ನಿಮ್ಮ ಮನೆಯದು. ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡುವ ಕೈಯೂ ನಿಮ್ಮದೇ. ಆಮೇಲೆ ಟಿಕೆಟನ್ನು ಯಾವತ್ತೂ ಬಿಚ್ಚಬಾರದು. ಬಿಚ್ಚಿದರೆ ಪಕ್ಕ ಹರಿಯುತ್ತದೆ. ಹಾಗಾಗಿ ಜನ ಅದನ್ನು ತಾಯಿತದಲ್ಲಿ ಹೊಲಿಸಿಕೊಂಡರು, ದೇವರ ಪಟದ ಹಿಂದೆ ಸಿಕ್ಕಿಸಿದರು, ಸಾಸಿವೆ ಡಬ್ಬಿಯ ತಳದಲ್ಲಿಟ್ಟರು.

ಪ್ರತಿ ಶುಕ್ರವಾರ ಎಲ್ಲರೂ ಹೋಗಿ ಅವರವರ ಸೀಟಿನಲ್ಲಿ ಕೂರುತ್ತಿದ್ದರು. ಯಾವ ಸಿನಿಮಾ ಎಂಬುದು ಅಷ್ಟು ಮುಖ್ಯವಾಗಿರಲಿಲ್ಲ. ಮೊದಲ ಸಿನಿಮಾದಲ್ಲಿ ನಾಯಕ ಕುದುರೆಯ ಮೇಲೆ ಬಂದನೋ ಲಾರಿಯ ಮೇಲೆ ಬಂದನೋ ಎಂಬ ಬಗ್ಗೆ ಈಗಲೂ ಊರಲ್ಲಿ ಎರಡು ಅಭಿಪ್ರಾಯವಿದೆ. ಆದರೆ ನಿದ್ದೆ ಬಂದಾಗ ಯಾರ ಭುಜ ಸಿಕ್ಕಿತು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಇಷ್ಟು ಊರಿಗೆಲ್ಲ ಗೊತ್ತಿದ್ದದ್ದು. ಊರಿಗೆ ಗೊತ್ತಿಲ್ಲದ್ದು ಒಂದಿತ್ತು, ಅದು ಟಾರ್ಚಿನಾಕೆಗೆ ಮಾತ್ರ ಗೊತ್ತಿತ್ತು.

ಟಿಕೆಟುಗಳ ಮೇಲೆ ಏನೂ ಇರಲಿಲ್ಲ.

ಥಿಯೇಟರು ತೆರೆದ ಮೂರನೇ ದಿನವೇ, ಕೊಳಗಕ್ಕೆ ಮೊದಲ ಟಿಕೆಟು ಬೀಳುವ ಮುಂಚೆ, ಟಿಕೆಟು ಅಚ್ಚು ಹಾಕುವ ಮಿಷನ್ನಿನ ರಿಬ್ಬನ್ನು ಒಣಗಿತು. ಮೊದಲು ಅಕ್ಷರ ಹೋಯಿತು, ಆಮೇಲೆ ಅಂಕಿ ಹೋಯಿತು, ಸಂಜೆಯ ಹೊತ್ತಿಗೆ ಬರೀ ಬಿಳಿ ಕಾಗದ. ಟಾರ್ಚಿನಾಕೆ ಆಗಿನ್ನೂ ಇಪ್ಪತ್ತೆಂಟರ ಹೆಂಗಸು, ಕೆಲಸ ಹೊಸತು. ಓಡಿಹೋಗಿ ಮ್ಯಾನೇಜರಿಗೆ ಹೇಳಿದಳು.

"ಕಂಪನಿಗೆ ಬರೆದಿದ್ದೀನಮ್ಮ. ಸೋಮವಾರ ರಿಬ್ಬನ್ ಬರುತ್ತೆ," ಅಂದ ಮ್ಯಾನೇಜರು.

"ಅಲ್ಲೀವರೆಗೂ ಜನರನ್ನ ಎಲ್ಲಿ ಕೂರಿಸಲಿ ಸಾರ್?"

"ಸ್ವಲ್ಪ ಅಡ್ಜಸ್ಟ್ ಮಾಡಮ್ಮ."

ಆ ಸೋಮವಾರ ಬರಲಿಲ್ಲ. ಬೇರೆ ಸೋಮವಾರಗಳು ಬಂದವು, ರಿಬ್ಬನ್ನು ಬರಲಿಲ್ಲ. ಮ್ಯಾನೇಜರು ಬದಲಾದ, ಅವನ ನಂತರದವನೂ ಬದಲಾದ. ಕೊಳಗದಲ್ಲಿ ಖಾಲಿ ಕಾಗದ ತುಂಬುತ್ತಲೇ ಹೋಯಿತು. ಟಾರ್ಚಿನಾಕೆ ಬಿಚ್ಚಿದಳು, ಟಾರ್ಚು ಹಾಕಿದಳು, ಓದಿದಂತೆ ತುಟಿ ಅಲ್ಲಾಡಿಸಿದಳು, ಮಡಿಸಿದಳು, ಮುಂದೆ ನಡೆದಳು. ಹತ್ತೊಂಬತ್ತು ವರ್ಷ ಹೀಗೆ ಅಡ್ಜಸ್ಟ್ ಮಾಡಿದಳು.

ಮೊದಮೊದಲು ಖಾಲಿ ಕಂಡಲ್ಲಿ ಕೂರಿಸುತ್ತಿದ್ದಳು. ಆಮೇಲೆ ಯೋಚನೆ ಮಾಡತೊಡಗಿದಳು. ಕತ್ತಲಲ್ಲಿ ಹಿಂದೆ ನಡೆದು ಬರುವವರ ಹೆಜ್ಜೆಯಲ್ಲೇ ಬೇಕಾದಷ್ಟು ಗೊತ್ತಾಗುತ್ತದೆ. ಒಂಟಿಯಾಗಿ ಬದುಕುವವರು ಕಾಲೆಳೆಯುತ್ತಾರೆ. ಮನೆ ತುಂಬ ಜನ ಇರುವವರು ಸುಮ್ಮಸುಮ್ಮನೆ ಅವಸರ ಮಾಡುತ್ತಾರೆ. ಬೇಗ ನಗುವವರ ಪಕ್ಕ ತಡವಾಗಿ ನಗುವವರನ್ನು ಕೂರಿಸಿದಳು. ಕೆಮ್ಮುವವನ ಪಕ್ಕ ಸೆರಗಿನ ಗಂಟಿನಲ್ಲಿ ಲವಂಗ ಇಟ್ಟುಕೊಳ್ಳುವವಳನ್ನು ಕೂರಿಸಿದಳು. ಒಬ್ಬರ ಬಾವಿಯ ನೀರು ಇನ್ನೊಬ್ಬರು ಮುಟ್ಟದ ಎರಡು ಮನೆಯವರನ್ನು ಬೇಕೆಂದೇ ಒತ್ತಿಗೊತ್ತಿ ಕೂರಿಸಿದಳು. ಊರವರು ಹೊರಗೆ ಬಂದು, "ನೋಡಿ, ಕೊಳಗ ಹೇಗೆ ಸರಿಯಾಗಿ ಕೊಟ್ಟಿದೆ! ಹಣೆಬರಹ ಅಂದರೆ ಇದು," ಅನ್ನುತ್ತಿದ್ದರು. ಟಾರ್ಚಿನಾಕೆ ಸೆಲ್ಲು ಬದಲಾಯಿಸುತ್ತ, "ಹೂಂ," ಅನ್ನುತ್ತಿದ್ದಳು.

ಇಷ್ಟರಲ್ಲಿ ಒಂದೇ ಒಂದು ಜೋಡಿಯ ಬಗ್ಗೆ ಅವಳಿಗೆ ಒಳಗೊಳಗೇ ಕುಟುಕುತ್ತಿತ್ತು.

ಊರಿಗೆ ವರ್ಗವಾಗಿ ಬಂದ ಸರ್ವೆಯಾತನೊಬ್ಬನಿದ್ದ. ಹಿಂದಿಲ್ಲ ಮುಂದಿಲ್ಲ, ಮಾತಾಡಿದರೆ ಸರಪಳಿ ಎಳೆದ ಹಾಗೆ. ಬಂದ ತಿಂಗಳಲ್ಲೇ ರಸ್ತೆ ಅಳೆದು, ಹಿಟ್ಟಿನ ಗಿರಣಿಯ ಜಗಲಿ ಮೂರು ಅಡಿ ಸರ್ಕಾರದ್ದು ಎಂದು ಹೇಳಿ ಒಡೆಸಿದ. ಗಿರಣಿಯಾಕೆ ಬೀದಿಯಲ್ಲಿ ನಿಂತು ಅವನ ಏಳು ತಲೆಮಾರನ್ನೂ ಜಾಲಾಡಿದಳು. ಅದರ ಮುಂದಿನ ಶುಕ್ರವಾರ, ಊರೆಲ್ಲ ಕೂತ ಮೇಲೆ, ಅವನು ಕೊಳಗಕ್ಕೆ ಕೈ ಹಾಕಲು ಬಂದ. ಅವತ್ತು ಟಾರ್ಚಿನಾಕೆಗೆ ಹಿಮ್ಮಡಿ ನೋವು. ಎಸ್ಕಲೇಟರು ಕೆಟ್ಟಿತ್ತು, ಐದು ಮಹಡಿ ಹತ್ತಿ ಬಂದಿದ್ದಳು, ಹೆಜ್ಜೆ ಊರಿದರೆ ಮುಳ್ಳು ತುಳಿದ ಹಾಗಾಗುತ್ತಿತ್ತು. ಬಾಗಿಲಿಗೆ ಹತ್ತಿರ ಖಾಲಿ ಇದ್ದದ್ದು ಎಲ್ ಸಾಲಿನ ಕೊನೆಯ ಸೀಟು, ಹದಿಮೂರು. ಹನ್ನೆರಡರಲ್ಲಿ ಯಾರಿದ್ದಾರೆ ಎಂದು ಅವಳು ಯೋಚಿಸಲಿಲ್ಲ. ಬಿಲ್ಲೆ ಅಲ್ಲಿ ನಿಲ್ಲಿಸಿದಳು. ಬೆಳಕಿನ ಅಂಚಿನಲ್ಲಿ ಗಿರಣಿಯಾಕೆಯ ಮುಖ ಕಾಣಿಸಿದಾಗ ತಡವಾಗಿತ್ತು.

ಹೀಗೆ ಗಿರಣಿಯಾಕೆಗೆ ಎಡಕ್ಕೊಂದು ಬಲಕ್ಕೊಂದು ಪಕ್ಕವಾಯಿತು. ಸಾಲಿನ ತುದಿಯಲ್ಲಿದ್ದ ಸರ್ವೆಯಾತನಿಗೆ ಮಾತ್ರ ಅವಳೊಬ್ಬಳೇ ಪಕ್ಕ.

ಹನ್ನೆರಡು ವರ್ಷ ಅವರಿಬ್ಬರೂ ಪ್ರತಿ ಶುಕ್ರವಾರ ಒಂದೇ ಕೈಯೊರಗಿನ ಎರಡು ಕಡೆ ಮುಖ ತಿರುಗಿಸಿ ಕೂತರು. ಆಮೇಲೆ ಒಂದು ಬೆಳಗ್ಗೆ ಸರ್ವೆಯಾತನ ಬಲಗಡೆ ಪೂರ್ತಿ ಬಿದ್ದುಹೋಯಿತು. ಕಾಲು ಹೋಯಿತು, ಕೈ ಹೋಯಿತು, ನಾಲಗೆ ಮಾತ್ರ ಉಳಿಯಿತು. ಗಿರಣಿಯಾಕೆ ಆವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಅನ್ನ, ಸಾರು ತೆಗೆದುಕೊಂಡು ಹೋದಳು. ನಿಯಮ ಅಂದರೆ ನಿಯಮ. ಆವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ, ನಾಲ್ಕು ವರ್ಷವಾಯಿತು.

ಈ ನಡುವೆ ಮಾಲು ಮುಪ್ಪಾಯಿತು. ಜನ ಸಿನಿಮಾವನ್ನು ಅಂಗೈಯಲ್ಲಿ ಇಟ್ಟುಕೊಂಡು, ಮನೆಯ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರಾಗಿ ನೋಡತೊಡಗಿದರು. ಕೆಳಗಿನ ಮಹಡಿಯ ಚಪ್ಪಲಿ ಅಂಗಡಿ ಮುಚ್ಚಿತು, ಎರಡನೆಯದರ ಸೀರೆ ಅಂಗಡಿ ಮುಚ್ಚಿತು, ಮೂರನೆಯದರ ಗಾಜಿನ ಹಿಂದಿನ ಗೊಂಬೆಗಳನ್ನು ಬಟ್ಟೆ ಬಿಚ್ಚಿ ಮೂಲೆಗೆ ನಿಲ್ಲಿಸಿದರು. ಮೂರು ವರ್ಷದ ಹಿಂದೆ ಥಿಯೇಟರಿನ ಪರದೆಯೂ ಆರಿತು. ಟಾರ್ಚಿನಾಕೆಯನ್ನು ಕಸ ಗುಡಿಸಲು ಉಳಿಸಿಕೊಂಡರು. ಪಕ್ಕಗಳು ಮಾತ್ರ ನಡೆದುಕೊಂಡು ಹೋದವು. ಸೀಟುಗಳು ಮೇಲೆ ಇವೆಯಲ್ಲ ಎಂದು ಜನ ಸಮಾಧಾನ ಮಾಡಿಕೊಂಡರು.

ಈಗ ಸೀಟುಗಳಿಗೂ ಕಾಲ ಬಂತು. ಐದನೇ ಮಹಡಿಯನ್ನು ಹಾಸಿಗೆ ಮಾರುವವರು ಹಿಡಿದರು. ಆ ಊರಿನಲ್ಲಿ ಒಂದು ಕಟ್ಟಡದ ಕೆಲಸ ಬದಲಾಗಬೇಕಾದರೆ ಮೊದಲು ಅದರ ಚರಿತ್ರೆಯನ್ನು ಅದರೊಳಗೇ ಓದಬೇಕು, ಓದಿದ್ದಕ್ಕೆ ಯಾರೂ ತಕರಾರು ಎತ್ತಬಾರದು. ಅದಕ್ಕಾಗಿ ದೊಡ್ಡ ಊರಿನಿಂದ ಚರಿತ್ರೆ ಬರೆಯುವಾಕೆ ಬಂದಳು. ಓದಿಕೊಂಡವಳು, ಕನ್ನಡಕದವಳು, ಎಲ್ಲವನ್ನೂ ಎರಡು ಸಲ ಕೇಳುವವಳು.

"ಸೀಟು ಕಿತ್ತ ಮೇಲೆ ಯಾರಿಗೆ ಯಾರು ಪಕ್ಕ ಅನ್ನೋದಕ್ಕೆ ಸಾಕ್ಷಿ ಏನು?" ಎಂದು ಅವಳು ಹಿರಿಯರನ್ನು ಕೇಳಿದಳು. ಹಿರಿಯರು ಐದನೇ ಮಹಡಿಯ ಕಡೆ ಕೈ ತೋರಿಸಿದರು. "ಹಾಗಾದರೆ ಓದುವ ದಿನ ಎಲ್ಲರೂ ಟಿಕೆಟು ತನ್ನಿ, ಬಿಚ್ಚಿ, ನಂಬರು ಹೇಳಿ. ಪುಸ್ತಕದಲ್ಲಿ ಬರೆದುಕೊಳ್ತೀನಿ. ಬರೆದದ್ದು ಪಕ್ಕ, ಬರೆಯದ್ದು ಪಕ್ಕ ಅಲ್ಲ."

ಹಿರಿಯರಿಗೆ ಇದು ನ್ಯಾಯವಾಗಿಯೇ ಕಂಡಿತು. ಸೀಟೇ ಹೋಗುವಾಗ ಬಿಚ್ಚಬಾರದೆಂಬ ಮಾತಿಗೆ ಏನು ಅರ್ಥ? ಊರಲ್ಲಿ ಡಂಗುರ ಹೊಡೆಸಿದರು: ಬರುವ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ.

ಟಾರ್ಚಿನಾಕೆ ಡಂಗುರ ಕೇಳಿದಾಗ ನಾಲ್ಕನೇ ಮಹಡಿಯ ಮೆಟ್ಟಿಲು ಗುಡಿಸುತ್ತಿದ್ದಳು. ಗುಡಿಸಿದ ಕಸವನ್ನೇ ಮತ್ತೆ ಗುಡಿಸಿದಳು. ಊರೆಲ್ಲ ಬಿಚ್ಚುತ್ತದೆ, ಊರೆಲ್ಲ ಖಾಲಿ ಕಾಗದ ನೋಡುತ್ತದೆ. ತನ್ನನ್ನು ಕಳ್ಳಿ ಅನ್ನಲಿ, ಅದಕ್ಕೆ ಅವಳು ತಯಾರಿದ್ದಳು. ಆದರೆ ಬಾವಿಯ ಮನೆಯವರು ಮತ್ತೆ ಬಾವಿಗೆ ಬೀಗ ಹಾಕುತ್ತಾರೆ. ಕೆಮ್ಮುವವನು ಒಬ್ಬನೇ ಕೆಮ್ಮುತ್ತಾನೆ. ಇವರೆಲ್ಲ ಹೇಗೋ ಬದುಕಿಕೊಂಡಾರು ಅಂದರೂ, ಆ ಮುರುಕು ಮಂಚದ ಮೇಲಿನ ಸರ್ವೆಯಾತ? ಅವನಿಗೆ ಅನ್ನ ಹೋಗುತ್ತಿರುವುದು ಆ ಟಿಕೆಟಿನ ಹೆಸರಲ್ಲಿ. ಟಿಕೆಟು ಸುಳ್ಳಾದರೆ ಭಾನುವಾರ ಹನ್ನೆರಡೂವರೆಗೆ ಅವನ ಬಾಗಿಲು ತಟ್ಟುವವರು ಯಾರು?

ಗಿರಣಿಯಾಕೆಯ ಮನಸ್ಸು ತಿಳಿಯೋಣವೆಂದು ಗುರುವಾರ ಎರಡು ಸೇರು ರಾಗಿ ಹಿಡಿದು ಗಿರಣಿಗೆ ಹೋದಳು. ಗಿರಣಿ ಮುಚ್ಚಿತ್ತು; ಹನ್ನೆರಡೂವರೆಯಾಗಿತ್ತು. ಸರ್ವೆಯಾತನ ಮನೆ ಎದುರಿಗೇ. ಟಾರ್ಚಿನಾಕೆ ಹೋಗಿ ಕಿಟಕಿಯ ಹೊರಗೆ ನಿಂತಳು. ಒಳಗಿನಿಂದ ಮಾತು ಕೇಳಿಸಿತು.

"ಸಾರಿಗೆ ಉಪ್ಪಿಲ್ಲ."

"ನನ್ನ ಮೂರಡಿ ಜಗಲಿ ವಾಪಸು ಕೊಡು, ಹಾಕ್ತೀನಿ."

"ಅದು ಮೂರಡಿ ಅಲ್ಲ. ಮೂರಡಿ ಎರಡಂಗುಲ. ಎರಡಂಗುಲ ನಾನು ಬಿಟ್ಟುಕೊಟ್ಟೆ."

"ಧರ್ಮರಾಯ! ಬಾಯಿ ತೆಗಿ. ಇನ್ನೂ ಅಗಲ. ಆ ಟಿಕೆಟು ಇಲ್ದಿದ್ರೆ ನಿನ್ನ ಮಂಚದ ಸಮೇತ ಚರಂಡಿಗೆ ಹಾಕಿರ್ತಿದ್ದೆ ಕಣೋ."

"ಚರಂಡಿ ಒಂದೂವರೆ ಅಡಿ. ಮಂಚ ಹಿಡಿಯಲ್ಲ."

ಗಿರಣಿಯಾಕೆ ಪಾತ್ರೆ ಕುಕ್ಕಿಕೊಂಡು ಹೊರಗೆ ಬಂದಳು. ಟಾರ್ಚಿನಾಕೆಯನ್ನು ನೋಡಿ, "ಏನೇ ಟಾರ್ಚಕ್ಕ, ಇಲ್ಲೂ ಸೀಟು ತೋರಿಸೋಕೆ ಬಂದ್ಯಾ?" ಅಂದಳು.

"ರಾಗಿ ತಂದಿದ್ದೆ." ಇಬ್ಬರೂ ಬೀದಿ ದಾಟಿದರು. ಗಿರಣಿಯಾಕೆ ಬೆಲ್ಟು ಏರಿಸುತ್ತಿರುವಾಗ ಟಾರ್ಚಿನಾಕೆ ಮೆಲ್ಲಗೆ ಕೇಳಿದಳು. "ಶನಿವಾರ ಟಿಕೆಟು ಬಿಚ್ಚಿದಾಗ, ಅಕಸ್ಮಾತ್ ಬೇರೆ ನಂಬರೇ ಬಂತು ಅನ್ನು. ಅವನು ನಿನ್ನ ಪಕ್ಕವೇ ಅಲ್ಲ ಅಂತಾದರೆ?"

"ಊರಿಗೆಲ್ಲ ಹೋಳಿಗೆ ಹಾಕಿಸ್ತೀನಿ."

"ತಮಾಷೆ ಅಲ್ಲ, ಕೇಳ್ತಿದ್ದೀನಿ."

"ನಾನೂ ತಮಾಷೆ ಮಾಡ್ತಿಲ್ಲ. ಹದಿನಾರು ವರ್ಷದ ಪಕ್ಕ ಕಣೇ! ನನ್ನ ಜಗಲಿ ಒಡೆದವನಿಗೆ ನಾನು ಅನ್ನ ತಿನ್ನಿಸ್ತಿದ್ದೀನಿ. ಒಂದು ನಂಬರು ತಪ್ಪಾಗಿದ್ರೂ ಸಾಕು, ಆ ಮನೆ ಕಡೆ ತಲೆ ಹಾಕಿ ಮಲಗಲ್ಲ." ಗಿರಣಿ ಶುರುವಾಯಿತು. ಆಮೇಲೆ ಅವಳು ಇನ್ನೂ ಏನೋ ಹೇಳಿದಳು, ಸದ್ದಿನಲ್ಲಿ ಕೇಳಿಸಲಿಲ್ಲ.

ಟಾರ್ಚಿನಾಕೆ ಬಿಸಿ ಹಿಟ್ಟು ಹೊತ್ತು ಮನೆಗೆ ಬಂದಳು. ಎರಡು ದಿನ ಯೋಚಿಸಿದಳು. ಹೇಗಿದ್ದರೂ ಬಯಲಾಗುವ ಮಾತು, ತಾನೇ ಹೇಳಿಬಿಡುವುದು ಮೇಲು. ಚರಿತ್ರೆ ಬರೆಯುವಾಕೆ 'ತಕರಾರು ಇದೆಯೇ' ಎಂದು ಕೇಳಿದಾಗ ಎದ್ದು ಹೇಳಬೇಕು: ರಿಬ್ಬನ್ನು ಒಣಗಿತ್ತು, ಕೂರಿಸಿದವಳು ನಾನು, ಸರ್ವೆಯಾತನ ಜವಾಬ್ದಾರಿ ಇನ್ನು ಮೇಲೆ ಊರಿನದು. ಊರಿನದು ಅಂದರೆ ಯಾರದ್ದೂ ಅಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಬೇರೆ ಮಾತು ಹೊಳೆಯಲಿಲ್ಲ.

ಶನಿವಾರ ಬೆಳಗ್ಗೆ ಹಾಸಿಗೆಯವರು ಥಿಯೇಟರಿನ ದೊಡ್ಡ ಬಾಗಿಲುಗಳನ್ನೆಲ್ಲ ತೆಗೆದಿಟ್ಟಿದ್ದರು. ಮೊದಲ ಸಲ ಒಳಗೆ ಬಿಸಿಲು ಬಿದ್ದಿತ್ತು. ಸೀಟುಗಳು ಹಸಿರು ಬಣ್ಣದವೆಂದು ಊರಿಗೆ ಆವತ್ತು ಗೊತ್ತಾಯಿತು. ಎಲ್ಲರೂ ಕೆಂಪು ಎಂದುಕೊಂಡಿದ್ದರು. ಹಿರಿಯರಲ್ಲಿ ಒಬ್ಬರಂತೂ, "ಕೆಂಪೇ ಇತ್ತು, ಯಾರೋ ಬದಲಾಯಿಸಿದ್ದಾರೆ," ಎಂದು ಕೂರಲು ಒಪ್ಪಲಿಲ್ಲ. ಹೆಂಡತಿ ಅಂಗಿ ಹಿಡಿದು ಕೂರಿಸಿದಳು. ಜನ ತಡವರಿಸುತ್ತ ತಮ್ಮ ತಮ್ಮ ಸೀಟು ಹುಡುಕಿದರು. ಬೆಳಕಿನಲ್ಲಿ ದಾರಿ ತಪ್ಪುತ್ತಿತ್ತು. ಕೆಲವರು ಕಣ್ಣು ಮುಚ್ಚಿಕೊಂಡು ನಡೆದು ಸರಿಯಾದ ಜಾಗಕ್ಕೆ ಹೋಗಿ ಕೂತರು.

ಚರಿತ್ರೆ ಬರೆಯುವಾಕೆ ಪರದೆಯ ಮುಂದೆ ನಿಂತು ಓದಿದಳು. ಈ ಥಿಯೇಟರಿನಲ್ಲಿ ಇಪ್ಪತ್ತೇಳು ಸಾವಿರ ಆಟಗಳು ನಡೆದವು. ಐದು ಸಲ ಕರೆಂಟು ಹೋಗಿ ಜನ ತಾವೇ ಹಾಡಿಕೊಂಡರು. ಒಂದು ಸಲ ಪರದೆಯ ಹಿಂದೆ ಬೆಕ್ಕು ಮರಿ ಹಾಕಿದ್ದರಿಂದ ಯುದ್ಧದ ದೃಶ್ಯವನ್ನು ಶಬ್ದವಿಲ್ಲದೆ ತೋರಿಸಲಾಯಿತು. ಮೂವರು ಇಲ್ಲಿ ಸತ್ತರು, ಒಬ್ಬಳು ಇಲ್ಲಿ ಹುಟ್ಟಿದಳು. ಯಾರ ಪಕ್ಕ ಯಾರು ಎಂಬ ಜಗಳ ಈ ಬಾಗಿಲೊಳಗೆ ಒಮ್ಮೆಯೂ ನಡೆಯಲಿಲ್ಲ. ಜನ ತಲೆದೂಗಿದರು.

"ಈಗ ಟಿಕೆಟು ಬಿಚ್ಚಿ," ಅಂದಳು. "ಎ ಸಾಲಿನಿಂದ ಶುರುವಾಗಲಿ."

ಎಲ್ಲರಿಗಿಂತ ಹಿರಿಯರು ಎದ್ದರು. ತಾಯಿತದ ಹೊಲಿಗೆ ಕಿತ್ತರು. ಟಿಕೆಟು ಬಿಚ್ಚಿದರು. ನೋಡಿದರು. ಹಿಂದೆ ತಿರುಗಿಸಿ ನೋಡಿದರು. ಟಾರ್ಚಿನಾಕೆ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಹಿರಿಯರು ಎಡಕ್ಕೆ ನೋಡಿದರು. ಅಲ್ಲಿ ಅವರ ಎಡಪಕ್ಕದ ಮಡಕೆ ಮಾರುವ ಮುದುಕ ಕೂತಿದ್ದ, ಹಿರಿಯರ ಮಗ ಸತ್ತಾಗ ಹನ್ನೊಂದು ದಿನ ಅವರ ಮನೆ ಬಾಗಿಲಲ್ಲೇ ಮಲಗಿದ್ದವನು. ಹಿರಿಯರು ಗಂಟಲು ಸರಿಮಾಡಿಕೊಂಡರು.

"ಎ ನಾಲ್ಕು," ಅಂದರು. ಕಾಗದವನ್ನು ಬೇಗ ಮಡಿಸಿದರು.

ಮಡಕೆ ಮುದುಕ ಎದ್ದ. ಬಿಚ್ಚಿದ. ನೋಡಿದ. ಅವನ ಕಿವಿ ಕೆಂಪಾಯಿತು. "ಎ... ಮೂರು ತಾಯಿ," ಅಂದ. ಮಡಿಸಿದ.

ಆಮೇಲೆ ಒಬ್ಬೊಬ್ಬರೇ. ಬಿಚ್ಚಿದರು, ನೋಡಿದರು, ಪಕ್ಕಕ್ಕೆ ನೋಡಿದರು, ಹೇಳಿದರು. ಬಿ ಏಳು. ಬಿ ಎಂಟು. ಬಾವಿಯ ಮನೆಯಾಕೆ ಬಿಚ್ಚಿದಳು, ನೋಡಿದಳು, ತನ್ನ ಬಾವಿಯ ನೀರು ಕುಡಿಯುವವಳ ಕಡೆ ನೋಡಿದಳು, ಸಿ ಎರಡು ಅಂದಳು. ಕೆಮ್ಮುವವನು ಕೆಮ್ಮು ತಡೆದುಕೊಂಡು ಡಿ ಒಂಬತ್ತು ಅಂದ. ಲವಂಗದವಳು ಡಿ ಹತ್ತು ಎಂದು ಚೀರಿದಳು, ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ. ಪ್ರತಿಯೊಬ್ಬರೂ ತಮ್ಮದೊಂದೇ ಅಳಿಸಿಹೋಗಿದೆ ಎಂದುಕೊಂಡಿದ್ದರೋ, ಮುಂದಿನವರು ಕಾಗದ ತಿರುಗಿಸುವುದು ನೋಡಿ ಅರ್ಥ ಮಾಡಿಕೊಂಡಿದ್ದರೋ, ಅದು ಹೆದರಿಕೆಯೋ ಪ್ರೀತಿಯೋ, ಹತ್ತೊಂಬತ್ತು ವರ್ಷ ಅವರನ್ನು ಕತ್ತಲಲ್ಲಿ ನಡೆಸಿದವಳಿಗೂ ಹೇಳಲಾಗಲಿಲ್ಲ.

ಎಲ್ಲರೂ ಹಾಗೇ ಮಾಡಿದರು ಅಂದರೆ ಅದು ಚರಿತ್ರೆಯಾಗುತ್ತದೆಯೇ ಹೊರತು ನಿಜವಾಗುವುದಿಲ್ಲ. ಜಿ ಸಾಲಿನ ಬಂಗಾರದಂಗಡಿಯವನು ಬಿಚ್ಚಿ, ನೋಡಿ, ಒಂದು ಗಳಿಗೆ ಲೆಕ್ಕ ಹಾಕಿ, "ಎ ಐದು," ಅಂದ. ಅದು ಎಲ್ಲರಿಗಿಂತ ಹಿರಿಯರ ಬಲಪಕ್ಕದ ಸೀಟು, ಹೋದ ತಿಂಗಳು ಖಾಲಿಯಾದದ್ದು; ಪರದೆ ಆರಿದ ಮೇಲೆ ಹೊಸಬರನ್ನು ಕೂರಿಸುವುದು ನಿಂತಿತ್ತು. ಗುಜುಗುಜು ಎದ್ದಿತು. ಇಷ್ಟು ವರ್ಷ ಅವನ ಪಕ್ಕದಲ್ಲಿದ್ದ ಕುರುಡು ದರ್ಜಿ ಮಾತ್ರ ಕಾಲು ಚಾಚಿ ಕೂತು, "ಹೋಗ್ಲಿ ಬಿಡಿ ಮೇಡಂ, ಬರ್ಕೊಳಿ. ಹದಿನೆಂಟು ವರ್ಷ ನನಗೆ ಮೊಣಕೈ ಇಡೋಕೆ ಜಾಗ ಕೊಟ್ಟಿರಲಿಲ್ಲ," ಅಂದ. ಥಿಯೇಟರು ನಕ್ಕಿತು. ನಕ್ಕದ್ದರಿಂದ ಮುಂದಿನವರಿಗೆ ಸ್ವಲ್ಪ ಸುಲಭವಾಯಿತು.

ಎಲ್ ಸಾಲು ಬಂತು. ಹತ್ತು ಆಯಿತು, ಹನ್ನೊಂದು ಆಯಿತು. ಗಿರಣಿಯಾಕೆ ಎದ್ದಳು. ಹಿಟ್ಟಿನ ಕೈಯಲ್ಲಿ ಎರಡು ಟಿಕೆಟು ಹಿಡಿದಿದ್ದಳು, ತನ್ನದೊಂದು, ಮಂಚ ಬಿಟ್ಟೇಳಲಾಗದವನದ್ದೊಂದು. ಹದಿಮೂರನೇ ಸೀಟಿನ ಮೇಲೆ ಅವಳ ಊಟದ ಡಬ್ಬಿ ಕೂತಿತ್ತು. ಓದು ಮುಗಿದ ಕೂಡಲೇ ಅಲ್ಲಿಂದಲೇ ಹೋಗೋಣವೆಂದು ತಂದಿದ್ದಳು.

ತನ್ನದನ್ನು ಬಿಚ್ಚಿದಳು. ನೋಡಿದಳು.

ಬೇರೆಯವರಿಗಿಂತ ಹೆಚ್ಚು ಹೊತ್ತು ನೋಡಿದಳು. ಬಿಸಿಲಿಗೆ ಹಿಡಿದು ನೋಡಿದಳು. ಊರು ಕಾಯಿತು. ಒಂದು ಮಾತು ಸಾಕಿತ್ತು ಅವಳಿಗೆ. ಎಂ ಒಂದು ಅಂದಿದ್ದರೂ ಆಗುತ್ತಿತ್ತು. ಬಂಗಾರದಂಗಡಿಯವನಿಗೆ ಆದ ನ್ಯಾಯ ಅವಳಿಗೂ ಆಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೂ ಆಗುತ್ತಿತ್ತು.

"ನನ್ನ ಕಣ್ಣಿಗೆ ಹಿಟ್ಟು ಬಿದ್ದಿದೆ," ಅಂದಳು ಕೊನೆಗೆ. "ಟಾರ್ಚಕ್ಕ, ಬಾ ಇಲ್ಲಿ. ನೀನೇ ಓದು."

ಟಾರ್ಚಿನಾಕೆ ಬಾಗಿಲಿನಿಂದ ಎಲ್ ಸಾಲಿಗೆ ನಡೆದಳು. ಗಿರಣಿಯಾಕೆ ಎರಡೂ ಟಿಕೆಟು ಅವಳ ಕೈಗೆ ತುರುಕಿದಳು. ಒಂದು ಬಿಚ್ಚಿದ್ದು, ಒಂದು ಮಡಿಸಿದ್ದು. ಟಾರ್ಚಿನಾಕೆ ಮಡಿಸಿದ್ದನ್ನೂ ಬಿಚ್ಚಿದಳು. ಹಣೆಯ ಹತ್ತಿರ ಹಣೆ ತಂದು, ತುಟಿ ಅಲ್ಲಾಡದ ಹಾಗೆ ಕೇಳಿದಳು.

"ಏನು ಓದಲಿ? ಹೇಳು. ನೀನು ಬೇಡ ಅಂದರೆ ಈಗಲೇ ಎಲ್ಲ ಹೇಳಿಬಿಡ್ತೀನಿ."

"ಅದನ್ನೂ ನಾನೇ ಹೇಳ್ಬೇಕಾ?" ಗಿರಣಿಯಾಕೆ ಪಿಸುಗುಟ್ಟಲಿಲ್ಲ, ಆದರೆ ಕೂಗಲೂ ಇಲ್ಲ. "ಹನ್ನೆರಡೂವರೆ ಆಗ್ತಾ ಬಂತು. ಅನ್ನ ಆರುತ್ತೆ. ಓದು ಬೇಗ."

ಟಾರ್ಚಿನಾಕೆ ಎರಡು ಖಾಲಿ ಕಾಗದಗಳನ್ನು ಎದುರಿಗೆ ಹಿಡಿದಳು. ಹತ್ತೊಂಬತ್ತು ವರ್ಷ ಅವಳು ಒಮ್ಮೆಯೂ ಗಟ್ಟಿಯಾಗಿ ಓದಿರಲಿಲ್ಲ. ದನಿ ಬೇಕಾದದ್ದಕ್ಕಿಂತ ಜೋರಾಗಿ ಹೊರಟಿತು.

"ಎಲ್ ಹನ್ನೆರಡು! ಎಲ್ ಹದಿಮೂರು!"

"ಹೌದಾ?" ಅಂದಳು ಗಿರಣಿಯಾಕೆ, ಊರಿಗೆಲ್ಲ ಕೇಳುವ ಹಾಗೆ. "ನನ್ನ ಕರ್ಮ. ಬರ್ಕೊಳಿ ಮೇಡಂ." ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು.

ಉಳಿದ ಸಾಲುಗಳು ಬೇಗ ಮುಗಿದವು. ಚರಿತ್ರೆ ಬರೆಯುವಾಕೆ ಪುಸ್ತಕ ಮುಚ್ಚುವ ಮುಂಚೆ ಕನ್ನಡಕ ತೆಗೆದು ಟಾರ್ಚಿನಾಕೆಯ ಕಡೆ ನೋಡಿದಳು. "ಕೂರಿಸಿದವರು ನೀವು. ಏನಾದರೂ ತಕ್ರಾರಿದೆಯಾ?" ಅಂದಳು. ಎರಡು ಸಲ ಕೇಳಿದಳು. ಎರಡು ಸಲವೂ ಟಾರ್ಚಿನಾಕೆ ಇಲ್ಲ ಅಂದಳು. ಅವಳು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳಿಗೆ ಅಲ್ಲಿ ಎಲ್ಲೂ ಜಾಗ ಉಳಿದಿರಲಿಲ್ಲ.

ಗಿರಣಿಯಾಕೆ ಎರಡನೇ ಮಹಡಿಯ ನಿಂತ ಎಸ್ಕಲೇಟರಿನ ಮೆಟ್ಟಿಲ ಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತನಗಾಗಿಯೇ ಕಾಯುತ್ತಿದ್ದಾಳೆ ಎಂದು ಟಾರ್ಚಿನಾಕೆಗೆ ನೋಡಿದ ಕೂಡಲೇ ಗೊತ್ತಾಯಿತು.

"ಎಲ್ಲರದ್ದೂ ಹೀಗೇನಾ?" ಕೇಳಿದಳು ಗಿರಣಿಯಾಕೆ.

"ಎಲ್ಲರದ್ದೂ."

"ಮತ್ತೆ ಯಾರು ಕೂರಿಸಿದ್ದು?"

"ನಾನೇ. ರಿಬ್ಬನ್ ಒಣಗಿತ್ತು. ಅಡ್ಜಸ್ಟ್ ಮಾಡು ಅಂದರು, ಮಾಡಿದೆ."

ಗಿರಣಿಯಾಕೆ ಡಬ್ಬಿಯ ಮುಚ್ಚಳ ಒತ್ತಿ ನೋಡಿದಳು. "ಬೇರೆಯವರನ್ನೆಲ್ಲ ನೋಡಿ ನೋಡಿ ಕೂರಿಸಿದ್ದೀಯ. ನನ್ನ ಪಕ್ಕ ಅವನನ್ನ ಹಾಕಿದ್ದಕ್ಕೂ ಏನೋ ಒಂದು ಕಾರಣ ಇರಬೇಕಲ್ಲ? ನನ್ನಲ್ಲೋ ಅವನಲ್ಲೋ ಏನೋ ಕಂಡಿರಬೇಕಲ್ಲ?"

ಟಾರ್ಚಿನಾಕೆ ಸುಳ್ಳು ಹೇಳಬಹುದಿತ್ತು. ಅಂದಿನ ದಿನಕ್ಕೆ ಇನ್ನೊಂದು ಸುಳ್ಳು ಹೆಚ್ಚಾಗುತ್ತಿರಲಿಲ್ಲ. ಆದರೆ ಅವಳ ಪಾಲಿನದು ಮುಗಿದುಹೋಗಿತ್ತು.

"ಅವತ್ತು ನನಗೆ ಹಿಮ್ಮಡಿ ನೋವಿತ್ತು ಕಣಕ್ಕ. ಬಾಗಿಲಿಗೆ ಅದೇ ಹತ್ತಿರದ ಸೀಟು."

"ಹಿಮ್ಮಡಿ ನೋವು."

"ಹೂಂ."

"ನಿನ್ನ ಹಿಮ್ಮಡಿ ನೋವಿಗೆ ನಾನು ನಾಲ್ಕು ವರ್ಷದಿಂದ ಅನ್ನ ಹೊರ್ತಿದ್ದೀನಿ!" ಗಿರಣಿಯಾಕೆಯ ಕೂಗು ಖಾಲಿ ಮಾಲಿನ ಐದು ಮಹಡಿಯಲ್ಲೂ ತಿರುಗಿ ಬಂತು. ಅವಳು ಎದ್ದಳು, ಸೆರಗು ಸಿಕ್ಕಿಸಿದಳು, ನಾಲ್ಕು ಮೆಟ್ಟಿಲು ಇಳಿದಳು, ನಿಂತಳು. ತಿರುಗಿ ನೋಡದೆ ಹೇಳಿದಳು. "ಮಂಗಳವಾರ ಸಂತೆ. ಗಿರಣಿಯಲ್ಲಿ ಉಸಿರಾಡೋಕೆ ಪುರುಸೊತ್ತಿರಲ್ಲ. ಮಂಗಳವಾರ ಮಂಗಳವಾರ ನೀನು ತಗೊಂಡು ಹೋಗು. ಹುಳಿ ಅವನಿಗೆ ಆಗಲ್ಲ, ಮೆಣಸಿನ ಸಾರು ಮಾಡು. ತುತ್ತು ಎಡಗಡೆಗೆ ಇಡು, ಬಲಗಡೆಗೆ ಇಟ್ಟರೆ ನುಂಗಕ್ಕಾಗಲ್ಲ."

"ಅವನು ನನ್ನ ಪಕ್ಕ ಅಲ್ವಲ್ಲ ಅಕ್ಕ. ಒಳಗೆ ಸೇರಿಸ್ತಾನಾ?"

"ಅದು ನಿನಗೂ ಅವನಿಗೂ ಬಿಟ್ಟದ್ದು," ಎಂದು ಗಿರಣಿಯಾಕೆ ಇಳಿದು ಹೋದಳು.

ಮಂಗಳವಾರ ಟಾರ್ಚಿನಾಕೆ ಮೆಣಸಿನ ಸಾರು ಮಾಡಿದಳು. ಹನ್ನೆರಡೂವರೆಗೆ ಸರಿಯಾಗಿ ಬಾಗಿಲು ತಟ್ಟಿ, ದೂಡಿ, ಒಳಗೆ ಹೋದಳು. ಸರ್ವೆಯಾತ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹಣೆ ಗಂಟಿಕ್ಕಿ ಅವಳನ್ನು ಮೇಲಿಂದ ಕೆಳಗೆ ಅಳೆದ.

"ಗಿರಣಿಯವಳೆಲ್ಲಿ?"

"ಸಂತೆ. ಮಂಗಳವಾರ ನಾನು ಯಜಮಾನರೇ."

"ನೀನು ನನಗೆ ಯಾರು? ನಿನ್ನ ಸೀಟು ಯಾವುದು?"

ಪಕ್ಕವಲ್ಲದವರ ಕೈಯ ಅನ್ನವನ್ನು ಆ ಊರಿನಲ್ಲಿ ಯಾರೂ ಬಾಯಿಗೆ ಇಡಿಸಿಕೊಳ್ಳುವುದಿಲ್ಲ. ಟಾರ್ಚಿನಾಕೆ ಡಬ್ಬಿಯ ಮುಚ್ಚಳ ತೆಗೆಯುತ್ತ ಒಂದು ಗಳಿಗೆ ತಡೆದಳು. ಊರಿಗೆಲ್ಲ ಸೀಟು ಹಂಚಿದವಳು ತನಗೊಂದು ಹೇಳಿಕೊಂಡದ್ದು ಅದೇ ಮೊದಲು.

"ಎಲ್ ಹದಿನಾಲ್ಕು."

"ಸುಳ್ಳು," ಅಂದ ಸರ್ವೆಯಾತ ತಕ್ಷಣ. "ಹದಿಮೂರಕ್ಕೆ ಸಾಲು ಮುಗಿಯುತ್ತೆ. ಆಮೇಲೆ ಗೋಡೆ. ನಾನೇ ಅಳೆದಿದ್ದೀನಿ. ಸೀಟಿಗೂ ಗೋಡೆಗೂ ನಡುವೆ ನಾಲ್ಕಂಗುಲ ಸಂದು, ಅಲ್ಲಿ ಯಾರು ಕೂರ್ತಾರೆ, ಹಲ್ಲಿ?"

"ಗೋಡೆ ಒಡೆದರು ಯಜಮಾನರೇ, ನಿನ್ನೆ. ಹಾಸಿಗೆ ಅಂಗಡಿಯವರು."

ಅದು ನಿಜವೇ ಆಗಿತ್ತು. ಸರ್ವೆಯಾತ ಕಣ್ಣು ಮುಚ್ಚಿದ. ಅಳತೆ ಹಾಕುತ್ತಿದ್ದನೋ ಏನೋ, ಎಡಗೈಯ ಬೆರಳುಗಳು ಹೊದಿಕೆಯ ಮೇಲೆ ಒಂದೊಂದಾಗಿ ಅಲ್ಲಾಡಿದವು. ಸಾರಿನ ಹಬೆ ಇಬ್ಬರ ನಡುವೆ ಏಳುತ್ತಲೇ ಇತ್ತು. ಆಮೇಲೆ ಅವನು ಕಣ್ಣು ತೆರೆದು ಮಂಚದ ಅಂಚು ನೋಡಿದ.

"ಹಾಗಾದರೆ ಜಾಗ ಇದೆ," ಅಂದ. "ಕೂತ್ಕೊ."